ಲಕ್ವದ ಹಿಂದೆ ಅಡಗಿರುವ ಮಹಾಧಮನಿಯ ಸೀಳು

(ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ಭಾಗದ ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿ ಸರಕಾರಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆ, ಹೆರಿಗೆಗಳ ನಡುವಿನ ಅಂತರ, ಲಸಿಕೆ, ಪೌಷ್ಟಿಕ ಆಹಾರ ಇವು ನಮ್ಮ ನೆನಪಿಗೆ ಬರುತ್ತವೆ. ಅದು ಸಹಜವೇ ಆಗಿದೆ. ಆದರೆ ಹೊಲದಲ್ಲಿ ದುಡಿಯುವ ಗಂಡನಾಗಲಿ, ಮನೆಯನ್ನೂ ಹೊಲವನ್ನೂ ನೋಡಿಕೊಳ್ಳುವ ಹೆಂಡತಿಯಾಗಲಿ ಒಂದು ಬೆಳಗ್ಗೆ ಹಠಾತ್ತನೆ ಕೈಕಾಲು ಬಿದ್ದು ಮಲಗಿದರೆ, ಎಷ್ಟು ಅಚ್ಚುಕಟ್ಟಾಗಿ ಯೋಜಿಸಿದ ಚಿಕ್ಕ ಸಂಸಾರವೂ ಕುಸಿದುಹೋಗುತ್ತದೆ. ಆದ್ದರಿಂದ ಗಂಡ ಹೆಂಡಿರು ಪರಸ್ಪರರ ಆರೋಗ್ಯವನ್ನು ಕಾಯುವುದೂ ಕುಟುಂಬ ಕಲ್ಯಾಣವೇ ಎಂದು ನಾನು ತಿಳಿದಿದ್ದೇನೆ. ಇಂದು ನಾನು ಲಕ್ವ, ಅಂದರೆ ಪಾರ್ಶ್ವವಾಯುವಿನ ಹಿಂದೆ ಕೆಲವೊಮ್ಮೆ ಅಡಗಿ ಕುಳಿತಿರುವ ಒಂದು ಘೋರವಾದ ಕಾರಣದ ವಿಷಯವಾಗಿ ಮಾತನಾಡುತ್ತೇನೆ. ಮೊದಲಿಗೆ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ನಾನು ಕೇಳದೆ ಹೋದ ಪ್ರಶ್ನೆ

ನಾನು ಸೇವೆಗೆ ಸೇರಿದ ಹೊಸತರಲ್ಲಿ, ಬೇರೊಂದು ಕಡೆ ಇದ್ದಾಗ, ಸುಮಾರು ಐವತ್ತು ವಯಸ್ಸಿನ ರೈತರೊಬ್ಬರನ್ನು ಬೆಳಗಿನ ಹೊತ್ತಿನಲ್ಲಿ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದರು. ಎಡಗೈ ಎಡಗಾಲು ಸತ್ವವಿಲ್ಲದೆ ಬಿದ್ದಿದ್ದವು. ಮಾತು ತೊದಲುತ್ತಿತ್ತು. ಅಣ್ಣ, ಅಳಿಯ, ಊರಿನ ಹಿರಿಯರು ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು. “ಲಕ್ವ ಹೊಡೆದಿದೆ” ಎಂದರು. ನನಗೂ ಹಾಗೆಯೇ ಕಂಡಿತು. ಒಂದು ತೋಳಿನಲ್ಲಿ ರಕ್ತದೊತ್ತಡ ನೋಡಿ, “ಪಾರ್ಶ್ವವಾಯು” ಎಂದು ಚೀಟಿ ಬರೆದು, ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಅವರ ಪತ್ನಿ ಬಾಗಿಲ ಬಳಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದರು. ಅವರನ್ನು ಯಾರೂ ಏನನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಮಿದುಳಿನ ಪರೀಕ್ಷೆ ನಡೆಯಿತು. ಎದೆಯ ಸ್ಕ್ಯಾನ್ ಆಗುವಷ್ಟರಲ್ಲಿ ಹೊತ್ತು ಬಹಳ ಮೀರಿತ್ತು. ಹೃದಯದಿಂದ ಹೊರಡುವ ಮಹಾಧಮನಿಯು ಒಳಗೇ ಸೀಳಿದ್ದು ಆಗ ಕಂಡುಬಂದಿತು. ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆದಿರುವಾಗಲೇ ಅವರು ತೀರಿಕೊಂಡರು.

ಕೆಲವು ದಿನಗಳ ಮೇಲೆ ಆ ತಾಯಿ ಯಾವುದೋ ಕಾಗದಕ್ಕಾಗಿ ನನ್ನಲ್ಲಿಗೆ ಬಂದಾಗ ಹೇಳಿದರು: “ಸಾಹೇಬ್ರ, ಅವತ್ತ ನಸುಕಿನ್ಯಾಗ ಎದ್ದು ಕುಂತು, ‘ಎದಿಯಿಂದ ಬೆನ್ನಿನತನಾ ಅರಿಬಿ ಹರಿದ್ಹಂಗ ಆತು’ ಅಂದಿದ್ರು. ಮೈಯೆಲ್ಲಾ ಬೆವತಿತ್ತು. ಅರ್ಧಾ ತಾಸಿನ ಮ್ಯಾಲ ಕೈ ಬಿತ್ತು.”

“ಅವತ್ತ ಯಾಕ ಹೇಳಲಿಲ್ರೀ ತಾಯಿ?” ಎಂದೆ.

“ಯಾರೂ ಕೇಳಲಿಲ್ಲಲ್ರೀ. ಗಂಡಸರು ಮಾತಾಡಾಕತ್ತಿದ್ರು. ನಡುವ ನಾ ಹ್ಯಾಂಗ ಬಾಯಿ ಹಾಕ್ಲಿ?” ಎಂದರು.

ಆ ಒಂದು ಮಾತು ನನಗೆ ಆ ಬೆಳಗ್ಗೆಯೇ ತಿಳಿದಿದ್ದರೆ ಚೀಟಿಯಲ್ಲಿ ಬೇರೆಯದನ್ನು ಬರೆಯುತ್ತಿದ್ದೆ. ಎರಡೂ ಕೈಗಳ ನಾಡಿ ನೋಡುತ್ತಿದ್ದೆ. ದೊಡ್ಡ ಆಸ್ಪತ್ರೆಗೆ ದೂರವಾಣಿ ಮಾಡಿ ಎದೆಯ ಸ್ಕ್ಯಾನ್ ಮೊದಲು ಆಗಲೆಂದು ಕೇಳಿಕೊಳ್ಳುತ್ತಿದ್ದೆ. ಆಗಲಾದರೂ ಅವರು ಖಂಡಿತವಾಗಿ ಬದುಕುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಬದುಕುವ ಒಂದು ಅವಕಾಶ ಅವರಿಗೆ ದೊರೆಯುತ್ತಿತ್ತು. ತಪ್ಪು ಆ ತಾಯಿಯದಲ್ಲ; ಕೇಳದೆ ಹೋದ ನನ್ನದು. ಅಂದಿನಿಂದ ಲಕ್ವದ ಯಾವ ರೋಗಿ ಬಂದರೂ ಮೊದಲು ನಾನು ಕೇಳುವುದು, “ಇವರ ಪಕ್ಕದಲ್ಲಿ ಮಲಗಿದ್ದವರು ಯಾರು? ಅವರನ್ನು ಕರೆಯಿರಿ” ಎಂದು.

ಮಹಾಧಮನಿ ಎಂದರೇನು?

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳವೇ ಮಹಾಧಮನಿ. ಅದು ಸುಮಾರು ಹೆಬ್ಬೆರಳಿನ ಗಾತ್ರದ್ದು. ಹೃದಯದಿಂದ ಮೇಲಕ್ಕೆ ಹೋಗಿ, ಕೊಡೆಯ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಹೊಟ್ಟೆಯವರೆಗೆ ಇಳಿಯುತ್ತದೆ. ಬಾಗಿದ ಸ್ಥಳದಿಂದ ಮಿದುಳಿಗೂ ಎರಡೂ ತೋಳುಗಳಿಗೂ ಕವಲುಗಳು ಹೊರಡುತ್ತವೆ. ಮೂತ್ರಪಿಂಡ, ಕರುಳು, ಕಾಲುಗಳಿಗೆ ಹೋಗುವ ಕವಲುಗಳು ಕೆಳಗಿನ ಭಾಗದಿಂದ ಹೊರಡುತ್ತವೆ.

ಈ ನಾಳದ ಗೋಡೆಯಲ್ಲಿ ಮೂರು ಪದರುಗಳಿವೆ. ನಮ್ಮ ಕಡೆಯ ತಾಯಂದಿರು ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಕೌದಿ ಹೊಲಿಯುತ್ತಾರಲ್ಲವೇ? ಹಾಗೆ ಮೂರು ಪದರುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹೃದಯವು ಒಂದು ನಿಮಿಷಕ್ಕೆ ಸುಮಾರು 70 ಸಲ ರಕ್ತವನ್ನು ರಭಸದಿಂದ ಈ ನಾಳಕ್ಕೆ ನೂಕುತ್ತದೆ. ರಕ್ತದ ಒತ್ತಡವು ವರ್ಷಗಟ್ಟಲೆ ಹೆಚ್ಚಾಗಿಯೇ ಇದ್ದರೆ ಒಳಪದರು ಜೀರ್ಣವಾಗುತ್ತ ಬಂದು, ಒಂದು ದಿನ ಬಿರಿಯುತ್ತದೆ. ಆ ಬಿರುಕಿನಿಂದ ರಕ್ತವು ಪದರುಗಳ ನಡುವೆ ನುಗ್ಗಿ ಅವನ್ನು ಸೀಳುತ್ತ ಸಾಗುತ್ತದೆ. ಇದನ್ನೇ ಮಹಾಧಮನಿಯ ಸೀಳು ಎನ್ನುತ್ತೇವೆ.

ಎದೆಯ ಸೀಳಿನಿಂದ ಕೈ ಹೇಗೆ ಬೀಳುತ್ತದೆ?

ಎದೆಯಲ್ಲಿ ನಾಳ ಸೀಳಿದರೆ ಕೈಕಾಲು ಏಕೆ ಬೀಳಬೇಕು ಎಂದು ತಾವು ಕೇಳಬಹುದು. ಹಾನಗಲ್ಲ ಸೀಮೆಯವರು ಕೆರೆ, ಕಾಲುವೆ, ಬತ್ತದ ಗದ್ದೆಗಳನ್ನು ಬಲ್ಲವರು. ಸವಣೂರಿನವರು ಎಲೆಬಳ್ಳಿಯ ತೋಟಕ್ಕೆ ನೀರು ಹಾಯಿಸಿ ಬಲ್ಲವರು. ಒಂದು ಮಣ್ಣಿನ ಕಾಲುವೆಗೆ ನೀರು ಇಂಗಬಾರದೆಂದು ಉದ್ದಕ್ಕೂ ತಾಡಪತ್ರಿ ಹಾಸಿರುವಿರೆಂದು ಭಾವಿಸಿರಿ. ತಾಡಪತ್ರಿಯು ಮೇಲ್ಗಡೆ ಒಂದು ಸ್ಥಳದಲ್ಲಿ ಹರಿಯಿತು. ನೀರು ಅದರ ಅಡಿಗೆ ಸೇರಿತು. ಅಡಿಯ ನೀರಿನಿಂದ ತಾಡಪತ್ರಿ ಉಬ್ಬಿ ಮೇಲೆದ್ದು, ತೋಟಕ್ಕೆ ತಿರುಗುವ ಕವಲಿನ ಬಾಯಿಗೆ ಅಡ್ಡವಾಗಿ ನಿಂತಿತು. ಕಾಲುವೆಯಲ್ಲಿ ನೀರಿದೆ, ತೋಟಕ್ಕೆ ಮಾತ್ರ ಒಂದು ಹನಿಯೂ ಇಲ್ಲ. ಬಳ್ಳಿ ಬಾಡತೊಡಗುತ್ತದೆ.

ಮಿದುಳಿನ ಕವಲಿಗೂ ಹೀಗೆಯೇ ಆಗುತ್ತದೆ. ಬಳ್ಳಿಯು ಒಂದೆರಡು ದಿನ ತಾಳೀತು. ಮಿದುಳು ಕೆಲವು ನಿಮಿಷಗಳನ್ನೂ ತಾಳಲಾರದು. ಈ ಸೀಳು ಕತ್ತಿನ ಬಲಭಾಗದ ಕವಲನ್ನು ತಟ್ಟುವುದೇ ಹೆಚ್ಚು. ಬಲಗಡೆಯ ಮಿದುಳು ಶರೀರದ ಎಡಭಾಗವನ್ನು ಆಳುತ್ತದೆ. ಆದ್ದರಿಂದ ಇಂಥವರಲ್ಲಿ ಎಡಗೈ ಎಡಗಾಲು ಬೀಳುವುದು ಹೆಚ್ಚಾಗಿ ಕಂಡುಬರುತ್ತದೆ. ಹೃದಯದ ಸಮೀಪದ ಮಹಾಧಮನಿ ಸೀಳಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಲಕ್ವ ಹೊಡೆಯುತ್ತದೆ.

ಇದರಿಂದ ತಾವು ಭಯಪಡಬೇಕಾಗಿಲ್ಲ. ಲಕ್ವಕ್ಕೆ ಬಹುಪಾಲು ಕಾರಣವೆಂದರೆ ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಉಳಿದವರಲ್ಲಿ ನಾಳ ಒಡೆದು ಮಿದುಳಿನೊಳಗೆ ರಕ್ತ ಸೋರುವುದು. ಮಹಾಧಮನಿಯ ಸೀಳಿನಿಂದ ಬರುವ ಲಕ್ವ ವಿರಳ. ಆದರೆ ವಿರಳವಾದದ್ದರಿಂದಲೇ ಅದು ವೈದ್ಯರ ಕಣ್ಣನ್ನೂ ತಪ್ಪಿಸುತ್ತದೆ.

ಗುರುತಿಸುವುದರಿಂದ ಆಗುವ ಪ್ರಯೋಜನ

ಹೆಪ್ಪುಗಟ್ಟಿದ ರಕ್ತದಿಂದ ಲಕ್ವ ಬಂದಿದ್ದರೆ, ತಕ್ಕ ರೋಗಿಗೆ ನಾಲ್ಕೂವರೆ ಗಂಟೆಗಳ ಒಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುತ್ತಾರೆ. ಅದು ಬಹಳ ಉಪಯುಕ್ತವಾದ ಔಷಧಿ. ಅದನ್ನು ಪಡೆದು ಕೈಕಾಲು ಮರಳಿ ಆಡಿಸಿದವರು ಅನೇಕರಿದ್ದಾರೆ. ಆದರೆ ಮಹಾಧಮನಿಯೇ ಸೀಳಿರುವವರಿಗೆ ಅದೇ ಔಷಧಿ ಪ್ರಾಣಾಪಾಯವನ್ನು ತರಬಲ್ಲದು. ಸೀಳಿದ ಗೋಡೆಯಿಂದ ರಕ್ತ ಸೋರಿ, ಹೃದಯದ ಸುತ್ತಣ ಚೀಲದಲ್ಲಿ ತುಂಬಿಕೊಂಡು, ಹೃದಯವನ್ನೇ ಅದುಮಿ ನಿಲ್ಲಿಸಬಹುದು. ಒಬ್ಬರಿಗೆ ಅಮೃತವಾದ ಔಷಧಿ ಇನ್ನೊಬ್ಬರಿಗೆ ವಿಷವಾಗುವ ಸಂದರ್ಭವಿದು. ಇವೆರಡನ್ನು ಬೇರ್ಪಡಿಸುವ ಮೊದಲ ಸುಳಿವು ಯಂತ್ರದಿಂದಲ್ಲ, ಮನೆಯವರ ಬಾಯಿಂದ ಬರುತ್ತದೆ.

ಹೃದಯದ ಸಮೀಪದ ಸೀಳಿಗೆ ಚಿಕಿತ್ಸೆ ದೊರೆಯದಿದ್ದರೆ ಮೊದಲ ಎರಡು ದಿನಗಳಲ್ಲಿ ಗಂಟೆಗೆ ನೂರಕ್ಕೆ ಒಬ್ಬರು ಇಬ್ಬರಂತೆ ಸಾಯುತ್ತಾರೆಂದು ವೈದ್ಯಶಾಸ್ತ್ರದಲ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ 1760ರಲ್ಲಿ ಇದೇ ರೋಗದಿಂದ ಹಠಾತ್ತನೆ ತೀರಿಕೊಂಡನು. ಅರಮನೆಯ ವೈದ್ಯರು ಶವಪರೀಕ್ಷೆಯಿಂದ ಅದನ್ನು ಕಂಡುಕೊಂಡರು. ಅಂದು ಅರಸನಿಗೂ ಚಿಕಿತ್ಸೆ ಇರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಡಾ. ಮೈಕೇಲ್ ಡಿಬೇಕಿ ಅವರು ಈ ರೋಗಕ್ಕೆ ಶಸ್ತ್ರಚಿಕಿತ್ಸೆಯ ದಾರಿ ತೋರಿಸಿದರು. ವಿಧಿಯ ಆಟವೆಂದರೆ 2005ರ ಕೊನೆಯ ದಿನ, ತಮ್ಮ 97ನೆಯ ವಯಸ್ಸಿನಲ್ಲಿ, ಅವರಿಗೇ ಮಹಾಧಮನಿ ಸೀಳಿತು. ರೋಗವನ್ನು ಅಷ್ಟು ಬಲ್ಲವರೂ ಆಸ್ಪತ್ರೆ ಸೇರಲು ತಡಮಾಡಿದರು. 2006ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಂಡು 2008ರವರೆಗೆ ಬದುಕಿದರು. ಸೀಳಿದ ಭಾಗವನ್ನು ತೆಗೆದು, ಅಲ್ಲಿಗೆ ನೂಲಿನಿಂದ ನೇಯ್ದ ಕೃತಕ ನಾಳವನ್ನು ಹೊಲಿಯುವುದೇ ಆ ಚಿಕಿತ್ಸೆ. ಅದು ದೊಡ್ಡ ಶಸ್ತ್ರಚಿಕಿತ್ಸೆ, ಅಪಾಯವಿಲ್ಲದ್ದಲ್ಲ. ಆದರೂ ಇಂದು ಅರಸನಿಗೆ ಸಿಗದಿದ್ದ ಅವಕಾಶ ರೈತನಿಗಿದೆ, ಹೊತ್ತಿಗೆ ಸರಿಯಾಗಿ ಹೋದರೆ ಮಾತ್ರ.

ವೈದ್ಯರಿಗೆ ಹೇಳಲೇಬೇಕಾದ ಸಂಗತಿಗಳು

ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಬೀಳುವುದು, ಮಾತು ತೊದಲುವುದು, ಹಠಾತ್ತನೆ ಕಣ್ಣು ಕಾಣದಾಗುವುದು – ಇವು ಲಕ್ವದ ಚಿಹ್ನೆಗಳು. ಇವುಗಳ ಜೊತೆಗೆ ಕೆಳಗಿನ ಯಾವುದಾದರೊಂದು ಇದ್ದರೆ, ವೈದ್ಯರು ಕೇಳದಿದ್ದರೂ ತಾವೇ ಹೇಳಬೇಕು.

1. ಕೈಕಾಲು ಬೀಳುವ ಮುನ್ನ, ಅಥವಾ ಅದೇ ಹೊತ್ತಿಗೆ, ಎದೆ, ಕತ್ತು ಅಥವಾ ಬೆನ್ನಿನಲ್ಲಿ ಹಠಾತ್ತನೆ ತೀವ್ರವಾದ ನೋವು ಬಂದದ್ದು. ಇದು ಮೆಲ್ಲಗೆ ಏರುವ ನೋವಲ್ಲ. ಬಂದ ಕ್ಷಣದಲ್ಲಿಯೇ ಪೂರ್ಣ ಉಗ್ರವಾಗಿರುತ್ತದೆ. “ಹರಿದಂತಾಯಿತು”, “ಚೂರಿಯಿಂದ ಇರಿದಂತಾಯಿತು” ಎನ್ನುತ್ತಾರೆ. ಆಮೇಲೆ ನೋವು ಕಡಿಮೆಯಾಗಿದ್ದರೂ ಹೇಳಿರಿ.

2. ನೋವು ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಜರುಗಿದ್ದು.

3. ಒಂದು ಕೈ ಅಥವಾ ಕಾಲು ತಣ್ಣಗಾದದ್ದು, ಬಿಳಿಚಿಕೊಂಡದ್ದು.

4. ಮೂರ್ಛೆ ಹೋದದ್ದು, ಮೈಯೆಲ್ಲ ಬೆವೆತದ್ದು.

5. ರಕ್ತದೊತ್ತಡದ ಗುಳಿಗೆಯನ್ನು ನಡುವೆ ಬಿಟ್ಟಿರುವುದು.

6. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಸತ್ತಿರುವುದು, ಅಥವಾ ಮಹಾಧಮನಿ ಹಿಗ್ಗಿದೆಯೆಂದು ಹಿಂದೆ ವೈದ್ಯರು ಹೇಳಿರುವುದು.

ಇವನ್ನು ಕೇಳಿದ ವೈದ್ಯರು ಎರಡೂ ಕೈಗಳ ನಾಡಿಯನ್ನೂ ರಕ್ತದೊತ್ತಡವನ್ನೂ ಹೋಲಿಸಿ ನೋಡುತ್ತಾರೆ. ಎರಡರ ನಡುವೆ 20 ಅಥವಾ ಹೆಚ್ಚಿನ ಅಂತರವಿದ್ದರೆ ಸಂಶಯ ಬಲವಾಗುತ್ತದೆ. ಲಕ್ವದಲ್ಲಿ ಸಾಮಾನ್ಯವಾಗಿ ಒತ್ತಡ ಏರಿರುತ್ತದೆ. ಅದು ಇಳಿದಿದ್ದರೆ ಅದೂ ಒಂದು ಸುಳಿವು. ಶಿರೆಗೆ ಔಷಧಿ ಕೊಟ್ಟು ಎದೆಯಿಂದ ತಲೆಯವರೆಗೆ ತೆಗೆಯುವ ಸಿ.ಟಿ. ಸ್ಕ್ಯಾನ್‌ನಲ್ಲಿ ಸೀಳು ಸ್ಪಷ್ಟವಾಗಿ ಕಾಣುತ್ತದೆ. ಕೇವಲ ತಲೆಯ ಸ್ಕ್ಯಾನ್‌ನಲ್ಲಿ ಅದು ಕಾಣುವುದಿಲ್ಲ. ಕೆಲವರಿಗೆ ನೋವೇ ಬರದೆ ಸೀಳು ಉಂಟಾಗುವುದೂ ಉಂಟು. ಆದ್ದರಿಂದ ಉಳಿದ ಚಿಹ್ನೆಗಳನ್ನೂ ಮರೆಯಬಾರದು.

ಆ ಗಳಿಗೆಯಲ್ಲಿ ಮಾಡಬೇಕಾದದ್ದು

ಕೂಡಲೇ 108ಕ್ಕೆ ಕರೆ ಮಾಡಿರಿ. ಈ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ಉಚಿತವಾಗಿ ನಡೆದಿದೆ. ಚಿಹ್ನೆ ಕಂಡ ಗಂಟೆಯನ್ನು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿರಿ. ರೋಗಿಯನ್ನು ನಡೆಸಬೇಡಿರಿ, ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಬೇಡಿರಿ. ನೀರು, ಚಹಾ ಕುಡಿಸಬೇಡಿರಿ. ನುಂಗಲಾಗದೆ ಅದು ಶ್ವಾಸನಾಳಕ್ಕೆ ಹೋದೀತು. ಅಂಗಡಿಯ ನೋವಿನ ಗುಳಿಗೆ, ಯಾರೋ ಹೇಳಿದ ಆಸ್ಪಿರಿನ್ ಕೊಡಬೇಡಿರಿ. ಎಣ್ಣೆ ತಿಕ್ಕುವುದು, ಲಕ್ವದ ನಾಟಿ ಔಷಧಿಗೆಂದು ಊರೂರು ಅಲೆಯುವುದು – ಇವುಗಳಿಂದ ಕಳೆದ ಗಂಟೆ ಮರಳಿ ಬಾರದು.

ಶಿಗ್ಗಾಂವಿಯವರಿಗೆ ರಾಷ್ಟ್ರೀಯ ಹೆದ್ದಾರಿ ಬಾಗಿಲಲ್ಲಿಯೇ ಇದೆ. ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಅವರಿಗೆ ಸಮೀಪ. ಹಿರೇಕೆರೂರಿನ ಒಳಗಿನ ಹಳ್ಳಿಗಳವರಿಗೆ ದಾರಿ ಉದ್ದ. ದಾರಿ ಉದ್ದವಾದಷ್ಟೂ ಮನೆಯಿಂದ ಹೊರಡುವುದು ಬೇಗ ಆಗಬೇಕು. ತಾಲೂಕು ಆಸ್ಪತ್ರೆಯಲ್ಲಿ ಸಂಶಯ ಬಂದರೆ ಎದೆಯ ಸ್ಕ್ಯಾನ್ ಮತ್ತು ಹೃದಯ ಶಸ್ತ್ರಚಿಕಿತ್ಸೆಯ ಸೌಲಭ್ಯ ಎಲ್ಲಿದೆಯೆಂದು ವೈದ್ಯರೇ ವಿಚಾರಿಸಿ ಕಳುಹಿಸುತ್ತಾರೆ. ಹೊರಡುವಾಗ ಪಡಿತರ ಚೀಟಿ, ಆಧಾರ್ ಚೀಟಿ, ರೋಗಿಯು ನುಂಗುತ್ತಿದ್ದ ಗುಳಿಗೆಗಳ ಪಟ್ಟಿ ಇವನ್ನು ತೆಗೆದುಕೊಳ್ಳಿರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ಗಂಡ ಅಥವಾ ಹೆಂಡತಿ ಆ ವಾಹನದಲ್ಲಿ ಇರಬೇಕು. ನೋಡಿದವರ ಮಾತಿಗೆ ಇರುವ ಬೆಲೆ ಕೇಳಿದವರ ಮಾತಿಗಿಲ್ಲ.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ಮಹಾಧಮನಿ ಸೀಳಿದ ನಾಲ್ವರಲ್ಲಿ ಸುಮಾರು ಮೂವರಿಗೆ ಮೊದಲೇ ಅಧಿಕ ರಕ್ತದೊತ್ತಡ ಇರುತ್ತದೆ. ಇದೊಂದೇ ಮಾತನ್ನು ತಾವು ಮನೆಗೆ ಕೊಂಡೊಯ್ದರೂ ಸಾಕು. ಒತ್ತಡವು 140/90ನ್ನು ಮುಟ್ಟಿದರೆ ಅಥವಾ ಮೀರಿದರೆ ಅದು ಅಧಿಕ. ಅದಕ್ಕೆ ನೋವಿಲ್ಲ, ತಲೆಸುತ್ತು ಬರಲೇಬೇಕೆಂದಿಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರೂ ಉಪಕೇಂದ್ರದಲ್ಲಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ವರ್ಷಕ್ಕೊಮ್ಮೆಯಾದರೂ ಒತ್ತಡ ನೋಡಿಸಿಕೊಳ್ಳಬೇಕು. ಪರೀಕ್ಷೆಯೂ ಗುಳಿಗೆಯೂ ಉಚಿತ. “ಈಗ ಆರಾಮಾಗಿದ್ದೇನೆ” ಎಂದು ಗುಳಿಗೆ ಬಿಡುವುದು, ಕಾಲುವೆ ಒಡೆಯಲಿಲ್ಲವೆಂದು ಒಡ್ಡನ್ನೇ ಕಿತ್ತುಹಾಕಿದಂತೆ. ಒತ್ತಡ ಇಳಿದದ್ದು ಗುಳಿಗೆಯಿಂದಲೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಉಪ್ಪು ಹೆಚ್ಚು, ಮಿತವಾಗಿ ಬಳಸಿರಿ. ಬೀಡಿ, ಸಿಗರೇಟುಗಳನ್ನು ಬಿಡಿರಿ. ಸವಣೂರಿನ ಎಲೆ ನಮ್ಮ ಸೀಮೆಯ ಹೆಮ್ಮೆ. ಅದರೊಳಗೆ ತಂಬಾಕು ಬೇಡ.

ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ನಾಳದ ಗೋಡೆ ದುರ್ಬಲವಾಗಿರುತ್ತದೆ. ಮಾರ್ಫಾನ್ ಎಂಬ ಆನುವಂಶಿಕ ತೊಂದರೆಯಲ್ಲಿ ದೇಹ ಬಹಳ ಎತ್ತರ, ಬೆರಳುಗಳು ನೀಳ, ಕೀಲುಗಳು ಸಡಿಲ. ಕಣ್ಣಿನ ಮಸೂರ ಜಾರಿರುವುದೂ ಉಂಟು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧದಷ್ಟು. ಇಂಥ ಸ್ತ್ರೀಯರಿಗೆ ಗರ್ಭದ ಕೊನೆಯ ಮೂರು ತಿಂಗಳು ಮತ್ತು ಬಾಣಂತಿತನದಲ್ಲಿ ಸೀಳಿನ ಅಪಾಯ ಹೆಚ್ಚು. ಆದ್ದರಿಂದ ಗರ್ಭ ಧರಿಸುವ ಮೊದಲೇ ದಂಪತಿಗಳು ವೈದ್ಯರ ಸಲಹೆ ಪಡೆದು ಹೃದಯದ ಎಕೋ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಗೆ ಹರಿದಂಥ ಎದೆನೋವು ಬೆನ್ನುನೋವು ಬಂದರೆ “ವಾಯು” ಎಂದಾಗಲಿ “ಹೆರಿಗೆ ನೋವು” ಎಂದಾಗಲಿ ಸುಮ್ಮನಾಗಬಾರದು.

ರಕ್ತದೊತ್ತಡವಿರುವ ಸಹೋದರಿಯರು ಮಾಲಾ-ಎನ್ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಅವರಿಗೆ ಕಾಪರ್-ಟಿಯಂಥ ಬೇರೆ ಸುರಕ್ಷಿತ ಸಾಧನಗಳಿವೆ. ಆರೋಗ್ಯ ಕಾರ್ಯಕರ್ತೆಯರು ತಿಳಿಸಿಕೊಡುತ್ತಾರೆ.

ಸಭಿಕರ ಪ್ರಶ್ನೆಗಳು

ಪ್ರಶ್ನೆ: ಭಾರ ಎತ್ತುವುದರಿಂದ ಈ ರೋಗ ಬರುತ್ತದೆಯೇ?

ಉತ್ತರ: ಆರೋಗ್ಯವಂತರು ಚೀಲ ಎತ್ತಿದರೆ ನಾಳ ಸೀಳುವುದಿಲ್ಲ. ಒತ್ತಡ ಹತೋಟಿಯಲ್ಲಿಲ್ಲದವರು, ಮಹಾಧಮನಿ ಹಿಗ್ಗಿರುವವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಆ ಗಳಿಗೆಯಲ್ಲಿ ಒತ್ತಡ ಒಮ್ಮೆಲೇ ಏರುತ್ತದೆ.

ಪ್ರಶ್ನೆ: ಹೆಪ್ಪು ಕರಗಿಸುವ ಚುಚ್ಚುಮದ್ದು ಬೇಡವೆಂದು ನಾವೇ ಹೇಳಬೇಕೆ?

ಉತ್ತರ: ಬೇಡ. ಅದನ್ನು ತೀರ್ಮಾನಿಸುವವರು ವೈದ್ಯರು. ಬಹುಪಾಲು ಲಕ್ವಕ್ಕೆ ಅದು ಒಳ್ಳೆಯದೇ. ನಡೆದದ್ದನ್ನು ನಡೆದಂತೆ ಹೇಳುವುದಷ್ಟೇ ತಮ್ಮ ಕೆಲಸ.

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಮಹಾಧಮನಿ ಸೀಳಿದ್ದರೆ ಉಳಿದವರು ಏನು ಮಾಡಬೇಕು?

ಉತ್ತರ: ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಒಮ್ಮೆ ರಕ್ತದೊತ್ತಡವನ್ನೂ ಎಕೋ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಕೊನೆಯ ಮಾತು

ಬಂಧುಗಳೇ, ಗಂಡನ ನರಳಾಟವನ್ನು ಮೊದಲು ಕೇಳುವವಳು ಹೆಂಡತಿ. ಹೆಂಡತಿಯ ಮುಖ ಬಾಡಿದ್ದನ್ನು ಮೊದಲು ಕಾಣಬೇಕಾದವನು ಗಂಡ. ಗಂಡಸರಲ್ಲಿ ನನ್ನದೊಂದು ವಿನಂತಿ: ಆಸ್ಪತ್ರೆಗೆ ಬಂದಾಗ ಮನೆಯ ಹೆಣ್ಣುಮಗಳನ್ನು ಬಾಗಿಲಲ್ಲಿ ನಿಲ್ಲಿಸಬೇಡಿರಿ, ಮುಂದೆ ಕರೆತನ್ನಿರಿ. ತಾಯಂದಿರಲ್ಲಿ ವಿನಂತಿ: ಯಾರು ಮಾತನಾಡುತ್ತಿದ್ದರೂ ಸಂಕೋಚಪಡದೆ ನಡುವೆ ಬಾಯಿ ಹಾಕಿರಿ. “ಮೊದಲು ಎದೆ ಹರಿದಂತಾಯಿತು, ಆಮೇಲೆ ಕೈ ಬಿತ್ತು” – ಈ ಮಾತನ್ನು ಗಟ್ಟಿಯಾಗಿ ಹೇಳಿರಿ. ವೈದ್ಯರು ಕೇಳಿಸಿಕೊಳ್ಳುವವರೆಗೂ ಹೇಳಿರಿ.

ಇಂದು ಇಲ್ಲಿಂದ ಏಳುವ ಮೊದಲು ಗಂಡ ಹೆಂಡತಿ ಇಬ್ಬರೂ ಅದೋ ಅಲ್ಲಿ ಕುಳಿತಿರುವ ನಮ್ಮ ಆರೋಗ್ಯ ಸಹಾಯಕಿಯವರಲ್ಲಿಗೆ ಹೋಗಿ ರಕ್ತದೊತ್ತಡ ನೋಡಿಸಿಕೊಳ್ಳಿರಿ. ಅವನದನ್ನು ಅವಳು, ಅವಳದನ್ನು ಅವನು ನೆನಪಿಟ್ಟುಕೊಳ್ಳಲಿ.